ತಿಳಿನೀರಿನಲ್ಲಿ ಅಡಗಿದ ವಿಷ

ನೀರು ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯೂ ಚೆನ್ನಾಗಿದೆ ಎಂದ ಮಾತ್ರಕ್ಕೆ ಅದು ಶುದ್ಧವೆಂದು ನಂಬಬೇಡಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಹೊಲಕ್ಕೆ ಸಿಂಪಡಿಸಿದ ಕೀಟನಾಶಕ, ಕಳೆನಾಶಕಗಳ ಅಂಶವನ್ನು ಕುದಿಸಿ ತೆಗೆಯಬಹುದೆಂದು ಭರವಸೆ ಇಡಲಾಗದು.

ಯುರೋಪ್ ಒಕ್ಕೂಟದ ನಿಯಮದಂತೆ ಕುಡಿಯುವ ನೀರಿನಲ್ಲಿ ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ಮೀರಬಾರದು. ಅಂದರೆ 1 ಕೋಟಿ ಲೀಟರ್ ನೀರಿಗೆ 1 ಗ್ರಾಂ! ಇಷ್ಟು ಅಲ್ಪ ಅಂಶವನ್ನೂ ಪತ್ತೆಹಚ್ಚಲು ಅಲ್ಲಿನ ವಿಜ್ಞಾನಿಗಳು 'ಅವಾಕ್ಸ್' ಎಂಬ ಉಪಕರಣ ರೂಪಿಸಿದರು.

ಅದರ ಹೃದಯ ಒಂದು ಗಾಜಿನ ಚಿಪ್. ಅದರೊಳಗಿನ ಸಣ್ಣ ಕಾಲುವೆಯಲ್ಲಿ ಲೇಸರ್ ಬೆಳಕು ಹರಿಯುತ್ತದೆ. ಆ ಬೆಳಕಿನ ಸ್ವಲ್ಪ ಭಾಗ ಮಾತ್ರ ಚಿಪ್‌ನ ಮೇಲ್ಮೈಯಾಚೆ, ಕೂದಲಿನ ದಪ್ಪಕ್ಕಿಂತ ನೂರಾರು ಪಟ್ಟು ಕಡಿಮೆ ದೂರಕ್ಕೆ ಚಾಚುತ್ತದೆ. ಪರೀಕ್ಷಿಸಬೇಕಾದ ನೀರಿಗೆ ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯಗಳನ್ನು ಬೆರೆಸುತ್ತಾರೆ. ನೀರಿನಲ್ಲಿ ವಿಷವಿದ್ದರೆ ಪ್ರತಿಕಾಯಗಳು ಅದನ್ನೇ ಹಿಡಿದುಕೊಳ್ಳುತ್ತವೆ. ಇಲ್ಲದಿದ್ದರೆ ಚಿಪ್‌ಗೆ ಅಂಟಿ ಹೊಳೆಯುತ್ತವೆ. ಹೊಳಪು ಕಡಿಮೆಯಾದಷ್ಟೂ ವಿಷ ಹೆಚ್ಚು ಎಂದರ್ಥ.

ಇಂಥ ಉಪಕರಣ ನಮ್ಮ ಮನೆಗಳಲ್ಲಿಲ್ಲ. ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು:

- ಹೊಲದ ಬಳಿಯ ಬಾವಿ, ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಕೀಟನಾಶಕ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ.
- ಸಿಂಪಡಿಸುವ ಪಂಪನ್ನು ಬಾವಿಕಟ್ಟೆಯಲ್ಲಿ ತೊಳೆಯಬೇಡಿ.
- ಕೀಟನಾಶಕದ ಖಾಲಿ ಕ್ಯಾನನ್ನು ಎಷ್ಟೇ ತೊಳೆದರೂ ಅದರಲ್ಲಿ ನೀರು ತುಂಬಿಡಬೇಡಿ. ಮಕ್ಕಳಿರುವ ಮನೆಯಲ್ಲಂತೂ ಅದು ಇರಲೇಬಾರದು.