ಪರರ ಊರಿನಲ್ಲೊಂದು ಮನೆ

ಉದ್ಯೋಗ, ನಗರ, ಗಡಿಯಾರ ಇವುಗಳ ನಡುವೆ ಅರ್ಧ ಆಯುಷ್ಯವನ್ನು ಸವೆಸಿದ ಮನುಷ್ಯ ಎಂದಾದರೊಂದು ದಿನ ಹಳ್ಳಿಯ ಕನಸು ಕಾಣುವುದು ಸಹಜ. ಒಂದು ಹಳೆಯ ಮನೆ, ಅದರ ಮುಂದೊಂದು ತೋಟ, ಬಾಳಸಂಗಾತಿಯೊಡನೆ ಕಳೆಯುವ ನೆಮ್ಮದಿಯ ಸಂಜೆಗಳು ಇಷ್ಟೇ ಆ ಕನಸಿನ ಸಾರ. ಪಶ್ಚಿಮ ಯೂರೋಪಿನಲ್ಲಿ ಈ ಕನಸಿಗೆ ಬಹುಕಾಲದಿಂದ ಒಂದು ವಿಳಾಸವಿದೆ. ಅದು ಫ್ರಾನ್ಸ್ ದೇಶದ ಹಳ್ಳಿಗಾಡು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಯುವಜನರು ಕೆಲಸವನ್ನರಸಿ ಪಟ್ಟಣ ಸೇರಿದರು. 1914ರಿಂದ 1918ರವರೆಗಿನ ಮಹಾಯುದ್ಧವು ಅನೇಕ ಹಳ್ಳಿಗಳ ಗಂಡಸರನ್ನು ನುಂಗಿತು. ಬೀಗ ಬಿದ್ದ ಕಲ್ಲುಮನೆಗಳು ಅಗ್ಗದ ಬೆಲೆಗೆ ದೊರೆಯತೊಡಗಿದಾಗ ಇಂಗ್ಲೆಂಡ್, ಹಾಲೆಂಡ್, ಬೆಲ್ಜಿಯಂ ದೇಶಗಳ ದಂಪತಿಗಳು ಅವುಗಳನ್ನು ಕೊಂಡು, ದುರಸ್ತಿ ಮಾಡಿಸಿ, ನೆಲೆ ನಿಂತರು.

ಹಾಗೆ ಹೋದವರಲ್ಲಿ ಜಗತ್ತಿನಾದ್ಯಂತ ಹೆಸರಾದವರು ಪೀಟರ್ ಮೇಯ್ಲ್ ಮತ್ತು ಅವರ ಪತ್ನಿ ಜೆನ್ನಿ. ಇವರ ಬಾಳಿನ ಕಥೆಯನ್ನು ನಾವು ಈ ವಾರ ವಾಚಕರ ಮುಂದಿಡಲು ಕಾರಣವಿದೆ. ಹಣ ಕೊಟ್ಟು ಮನೆಯನ್ನು ಕೊಳ್ಳಬಹುದು, ಊರನ್ನು ಕೊಳ್ಳಲಾಗದು ಎಂಬ ಸತ್ಯವನ್ನು ಈ ದಂಪತಿಯ ಅನುಭವ ಎತ್ತಿ ತೋರಿಸುತ್ತದೆ. ಊರು ಬಿಟ್ಟು ಊರಿಗೆ ಹೋಗಿ ನೆಲೆಸುವವರು ಯಾವ ದೇಶದವರೇ ಆಗಲಿ, ಅವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಸತ್ಯವಿದು.

ಪೀಟರ್ ಮೇಯ್ಲ್ 1939ರಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಜನಿಸಿದರು. ಜಾಹೀರಾತು ಕ್ಷೇತ್ರದಲ್ಲಿ ಯಶಸ್ಸು ಗಳಿಸಿ, ಅನಂತರ ಆ ಉದ್ಯೋಗವನ್ನು ತೊರೆದು ಬರವಣಿಗೆಯನ್ನು ನೆಚ್ಚಿಕೊಂಡರು. ಮೊದಮೊದಲು ಪ್ರವಾಸಿಗರಾಗಿ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯವನ್ನು ಕಂಡಿದ್ದ ಪತಿಪತ್ನಿಯರು, 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿಯೇ ವಾಸಿಸುವ ನಿರ್ಧಾರಕ್ಕೆ ಬಂದರು. ಆಗ ಪೀಟರ್ ಐವತ್ತರ ಅಂಚಿನಲ್ಲಿದ್ದರು. ಲುಬೆರೋನ್ ಬೆಟ್ಟಸಾಲಿನ ಬುಡದಲ್ಲಿ, ಮೆನೆರ್ಬ್ ಎಂಬ ಗ್ರಾಮದ ಸಮೀಪ, ಸುಮಾರು ಇನ್ನೂರು ವರ್ಷ ಹಳೆಯದಾದ ಒಕ್ಕಲು ಮನೆಯೊಂದು ಅವರದಾಯಿತು. ಗುಡ್ಡದ ನೆತ್ತಿಯ ಮೇಲೆ ಕುಳಿತಿರುವ ಮೆನೆರ್ಬ್, ಫ್ರೆಂಚ್ ಮಹಾಕ್ರಾಂತಿಯ ಕಾಲದವರೆಗೂ ಪೋಪರ ಆಡಳಿತಕ್ಕೆ ಸೇರಿದ್ದ ಸೀಮೆಯ ಊರು.

ಪೀಟರ್ ಅಲ್ಲಿಗೆ ಹೋದದ್ದು ಒಂದು ಕಾದಂಬರಿ ಬರೆಯುವ ಉದ್ದೇಶದಿಂದ. ಆದರೆ ಹಳ್ಳಿಯ ಬದುಕು ಅದಕ್ಕೆ ಅವಕಾಶ ಕೊಡಲಿಲ್ಲ. ಮೊದಲ ಚಳಿಗಾಲದಲ್ಲೇ ರೋನ್ ನದಿಯ ಕಣಿವೆಯಿಂದ ಬೀಸಿ ಬರುವ 'ಮಿಸ್ತ್ರಾಲ್' ಎಂಬ ಕಡುಶೀತದ ಗಾಳಿ ಮನೆಯನ್ನು ನಡುಗಿಸಿತು. ಕೊಳಾಯಿಗಳಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆದವು. ದುರಸ್ತಿಗೆಂದು ಬಂದ ಗಾರೆಯವರು ಗೋಡೆ ಒಡೆದು, ಧೂಳೆಬ್ಬಿಸಿ, ಮತ್ತೊಂದು ಮನೆಯ ಕೆಲಸಕ್ಕೆ ಹೊರಟುಹೋದರು. 'ನಾಳೆ' ಎಂದರೆ ಮುಂದಿನ ವಾರವೆಂದೂ, 'ಹದಿನೈದು ದಿನ' ಎಂದರೆ ಮುಂದಿನ ಋತುವೆಂದೂ ದಂಪತಿಗಳು ಕ್ರಮೇಣ ಅರಿತರು. ಪುಸ್ತಕದಿಂದ ಕಲಿತಿದ್ದ ಫ್ರೆಂಚ್ ಭಾಷೆ ಪ್ರೊವಾನ್ಸಿನ ರೈತರ ಉಚ್ಚಾರದ ಮುಂದೆ ಸೋತು ನಿಂತಿತು. ನಗರದಲ್ಲಿ ಅಧಿಕಾರಿಯಾಗಿದ್ದವನು ಇಲ್ಲಿ ಮಾತು ಕಲಿಯುವ ಮಗುವಾದನು.

ಮನೆಯ ಸುತ್ತಲಿದ್ದ ದ್ರಾಕ್ಷಿ ತೋಟವೂ ಅವರಿಗೆ ಒಂದು ಪಾಠವಾಯಿತು. ಅದನ್ನು ಸಾಗುವಳಿ ಮಾಡುತ್ತಿದ್ದವನು ನೆರೆಯ ರೈತ. ನಮ್ಮ ಕಡೆ 'ಕೋರು' ಎನ್ನುವಂಥ ಪಾಲಿನ ಪದ್ಧತಿ ಅಲ್ಲಿಯೂ ಇದೆ. ಹೊಸ ಬಳ್ಳಿಗಳ ಖರ್ಚು ಒಡೆಯನದು, ದುಡಿಮೆ ರೈತನದು. ಫಲದಲ್ಲಿ ಮೂರನೆಯ ಎರಡು ಪಾಲು ರೈತನಿಗೆ, ಒಂದು ಪಾಲು ಒಡೆಯನಿಗೆ. ಕಾಗದದ ಮೇಲೆ ಭೂಮಿಯ ಒಡೆತನ ಮೇಯ್ಲ್ ದಂಪತಿಯದು. ಆದರೆ ಆ ಮಣ್ಣಿನ ಗುಣ, ಮಳೆಯ ಸೂಚನೆ, ಬಳ್ಳಿ ಕತ್ತರಿಸುವ ಹದ ಇವೆಲ್ಲವೂ ಆ ನೆರೆಯವನ ಕೈಯಲ್ಲಿದ್ದವು. ಕೇಳಿ ತಿಳಿಯದೆ ಬೇರೆ ದಾರಿಯಿರಲಿಲ್ಲ. ಹೀಗೆ ಕೇಳುತ್ತ ಕೇಳುತ್ತ ನೆರೆಹೊರೆ ಬೆಳೆಯಿತು.

ವರ್ಷಾಂತ್ಯ ಬಂದರೂ ಮನೆಯ ಕೆಲಸ ಮುಗಿಯುವ ಲಕ್ಷಣ ಕಾಣಲಿಲ್ಲ. ಆಗ ಪರಿಹಾರ ಹೊಳೆದದ್ದು ಪತ್ನಿಗೆ. ಕೆಲಸ ಮುಗಿದ ಸಂತೋಷಕ್ಕಾಗಿ ಕ್ರಿಸ್ತಜಯಂತಿಗೆ ಮೊದಲೇ ಒಂದು ಔತಣ ಏರ್ಪಡಿಸಿ, ಎಲ್ಲ ಕೆಲಸಗಾರರನ್ನೂ ಅವರ ಪತ್ನಿಯರ ಸಮೇತ ಕರೆಯೋಣ ಎಂದಳು ಆಕೆ. ತನ್ನ ಗಂಡನ ಕೆಲಸವೊಂದೇ ಅರ್ಧಕ್ಕೆ ನಿಂತಿರುವುದನ್ನು ಹತ್ತು ಜನರೆದುರು ನೋಡಲು ಯಾವ ಹೆಣ್ಣು ಒಪ್ಪಿಯಾಳು? ಆಮಂತ್ರಣ ತಲುಪಿದ್ದೇ ತಡ, ತಿಂಗಳುಗಟ್ಟಲೆ ಕಾಣೆಯಾಗಿದ್ದವರೆಲ್ಲ ಹಾಜರಾದರು. ಔತಣದ ವೇಳೆಗೆ ಮನೆ ಸಿದ್ಧವಾಗಿತ್ತು. ಕೋಪದ ಮಾತಿನಿಂದ ಆಗದ ಕಾರ್ಯ ಊಟದ ಕರೆಯಿಂದ ಆಯಿತು. ಕ್ರಿಸ್ತಜಯಂತಿಯ ದಿನವೇ ವಿದ್ಯುತ್ ಕೈಕೊಟ್ಟು ಅಡುಗೆ ಮಾಡಲಾಗದೆ ಹೋದಾಗ, ಪಕ್ಕದ ಹಳ್ಳಿಯ ಭೋಜನಗೃಹದವನು ಕಿಕ್ಕಿರಿದ ಜನರ ನಡುವೆಯೂ ಅಡುಗೆಮನೆಯ ಬಾಗಿಲ ಬಳಿ ಒಂದು ಪುಟ್ಟ ಮೇಜು ಹಾಕಿಸಿ ಈ ಇಬ್ಬರಿಗೆ ಉಣಬಡಿಸಿದನು. ಪರದೇಶಿಗಳಾಗಿ ಆರಂಭವಾದ ವರ್ಷ ಹೀಗೆ ಪರಿಚಿತರ ನಡುವೆ ಮುಗಿಯಿತು.

ಕಾದಂಬರಿಯ ಬದಲು ಪೀಟರ್ ಆ ಒಂದು ವರ್ಷದ ಕಥೆಯನ್ನೇ ಜನವರಿಯಿಂದ ಡಿಸೆಂಬರಿನವರೆಗೆ ಹನ್ನೆರಡು ಅಧ್ಯಾಯಗಳಲ್ಲಿ ಬರೆದರು. 'ಎ ಇಯರ್ ಇನ್ ಪ್ರೊವಾನ್ಸ್' ಎಂಬ ಆ ಪುಸ್ತಕ 1989ರಲ್ಲಿ ಪ್ರಕಟವಾಯಿತು. ಮೊದಲ ಮುದ್ರಣ ಕೇವಲ 3,000 ಪ್ರತಿಗಳು. ಅನಂತರ ಅದು ಹಲವಾರು ಭಾಷೆಗಳಿಗೆ ಅನುವಾದಗೊಂಡು ಲಕ್ಷಾಂತರ ಪ್ರತಿ ಮಾರಾಟವಾಯಿತು. 1993ರಲ್ಲಿ ಬಿಬಿಸಿ ಅದನ್ನು ದೂರದರ್ಶನ ಧಾರಾವಾಹಿಯಾಗಿ ತೋರಿಸಿತು.

ಇಲ್ಲಿಂದಲೇ ಕಷ್ಟ ಆರಂಭವಾಯಿತು. ಪುಸ್ತಕ ಓದಿದವರು ಆ ಮನೆಯನ್ನು ಹುಡುಕಿಕೊಂಡು ಬರತೊಡಗಿದರು. ಹಸ್ತಾಕ್ಷರ ಬೇಡುವವರು, ಚಿತ್ರ ತೆಗೆಯುವವರು, ಹೇಳದೆ ಕೇಳದೆ ಅಂಗಳಕ್ಕೆ ನುಗ್ಗುವವರು ಹೆಚ್ಚಾದರು. ನೆಮ್ಮದಿಯನ್ನು ವರ್ಣಿಸಿದ ಪುಸ್ತಕವೇ ನೆಮ್ಮದಿಯನ್ನು ಕದ್ದಿತು. ಶಾಂತವಾಗಿದ್ದ ಹಳ್ಳಿಗಳ ಮೇಲೆ ಪ್ರವಾಸಿಗರ ದಂಡು ಬೀಳಲು ಈತನೇ ಕಾರಣನೆಂದು ಇಂಗ್ಲೆಂಡಿನ ಪತ್ರಿಕೆಗಳೂ ದೂರಿದವು. ಈ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಹೊರಗಿನವರ ಹಣ ಬಂದಲ್ಲಿ ಅಂಗಡಿಗೆ ವ್ಯಾಪಾರ, ಗಾರೆಯವನಿಗೆ ಕೂಲಿ ದೊರೆಯುವುದು ನಿಜ. ಅದೇ ಊರಿನ ಬಡ ತರುಣ ದಂಪತಿಗೆ ಮನೆ ಕೊಳ್ಳುವುದು ಕಠಿಣವಾಗುವುದೂ ಅಷ್ಟೇ ನಿಜ.

ಕೊನೆಗೆ ಮೇಯ್ಲ್ ದಂಪತಿಗಳು ಮೆನೆರ್ಬ್ ಸಮೀಪದ ಮನೆಯನ್ನು ಮಾರಿ, ಅಮೆರಿಕದ ಲಾಂಗ್ ಐಲೆಂಡಿಗೆ ಹೋಗಿ ಕೆಲವು ವರ್ಷ ವಾಸಿಸಿದರು. ಅಲ್ಲಿ ಭಾಷೆಯ ತೊಡಕಿರಲಿಲ್ಲ, ಸೌಕರ್ಯಗಳಿಗೆ ಕೊರತೆಯಿರಲಿಲ್ಲ. ಆದರೂ ಮನಸ್ಸು ಪ್ರೊವಾನ್ಸಿನತ್ತಲೇ ಎಳೆಯಿತು. 1990ರ ದಶಕ ಮುಗಿಯುವ ಮುನ್ನ ಇಬ್ಬರೂ ಹಿಂದಿರುಗಿದರು. ಈ ಬಾರಿ ನೆಲೆಸಿದ್ದು ಲುಬೆರೋನ್ ಬೆಟ್ಟದ ದಕ್ಷಿಣ ಮಗ್ಗುಲಿನ ಲೂರ್ಮರ್ಯಾಂ ಎಂಬ ಊರಿನ ಬಳಿ. ಮರಳಿ ಬಂದ ಸಂತೋಷವನ್ನು 1999ರಲ್ಲಿ ಪ್ರಕಟವಾದ 'ಆನ್‌ಕೋರ್ ಪ್ರೊವಾನ್ಸ್' ಪುಸ್ತಕದಲ್ಲಿ ಪೀಟರ್ ತೋಡಿಕೊಂಡರು. ಮೊದಲ ಸಲ ಬಂದದ್ದು ಕನಸಿನ ಬೆನ್ನು ಹತ್ತಿ. ಎರಡನೆಯ ಸಲ ಬಂದದ್ದು ಅಲ್ಲಿನ ಚಳಿ, ಗಾಳಿ, ವಿಳಂಬಗಳೆಲ್ಲವನ್ನೂ ಬಲ್ಲವರಾಗಿ.

ಹೊರಗಿನವರು ಬಂದು ನೆಲೆಸುವುದು ಲೂರ್ಮರ್ಯಾಂ ಸೀಮೆಗೆ ಹೊಸದೇನಲ್ಲ. ಯುದ್ಧ ಮತ್ತು ಪಿಡುಗುಗಳಿಂದ ಬರಿದಾದ ಲುಬೆರೋನಿನ ಹಳ್ಳಿಗಳಿಗೆ ಹದಿನೈದನೆಯ ಶತಮಾನದಲ್ಲಿ ಅಲ್ಲಿನ ಜಮೀನ್ದಾರರು ಆಲ್ಪ್ಸ್ ಪರ್ವತದ ಕಡೆಯ ವಾಲ್ಡೆನ್ಸಿಯನ್ ಪಂಥದ ಒಕ್ಕಲುಗಳನ್ನು ಕರೆಸಿ ಭೂಮಿ ಕೊಟ್ಟಿದ್ದರು. ಪಾಳುಭೂಮಿ ಅವರ ಬೆವರಿನಿಂದ ಹಸಿರಾಯಿತು. ಆದರೆ 1545ರ ಏಪ್ರಿಲ್ ತಿಂಗಳಿನಲ್ಲಿ, ಪಾಷಂಡಿಗಳೆಂಬ ಆರೋಪದ ಮೇಲೆ, ರಾಜಾಜ್ಞೆ ಹಿಡಿದು ಬಂದ ಸೈನ್ಯವು ಮೆರಿಂದೋಲ್ ಮತ್ತು ಸುತ್ತಮುತ್ತಲ ಅವರ ಹಳ್ಳಿಗಳನ್ನು ಸುಟ್ಟು, ಜನರನ್ನು ಕೊಂದಿತು. ಕರೆದು ತಂದವರ ಊರಿನಲ್ಲಿಯೂ ಪರಕೀಯರಾಗಿಯೇ ಉಳಿದವರ ದಾರುಣ ಕಥೆಯಿದು. ಕ್ರೈಸ್ತರಾದ ನಾವು ತಲೆ ತಗ್ಗಿಸಿ ನೆನೆಯಬೇಕಾದದ್ದು. ಅದೇ ಲೂರ್ಮರ್ಯಾಂ ಊರಿನಲ್ಲಿ 1958ರಲ್ಲಿ ಮನೆ ಕೊಂಡವರು ಅಲ್ಜೀರಿಯದಲ್ಲಿ ಹುಟ್ಟಿ ಬೆಳೆದ ಸಾಹಿತಿ ಆಲ್ಬರ್ಟ್ ಕಮೂ. 1960ರ ಜನವರಿಯಲ್ಲಿ ಅಪಘಾತದಲ್ಲಿ ಮಡಿದ ಅವರನ್ನು ಊರಿನ ಸಾಮಾನ್ಯ ಜನರ ನಡುವೆ, ಅಲ್ಲಿನ ಸ್ಮಶಾನದಲ್ಲೇ ಮಣ್ಣು ಮಾಡಲಾಯಿತು. ಬಂದವರನ್ನು ಒಂದು ಕಾಲ ಸುಟ್ಟಿತು, ಇನ್ನೊಂದು ಕಾಲ ಮಡಿಲಿಗೆ ಹಾಕಿಕೊಂಡಿತು.

ಮರಳಿ ಬಂದ ಮೇಲೆ ಪೀಟರ್ ಫ್ರಾನ್ಸಿನ ಮೂಲೆಮೂಲೆಗೆ ಪ್ರಯಾಣ ಬೆಳೆಸಿದರು. ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಬಿಟ್ಟು ಊರ ಹಬ್ಬಗಳನ್ನು ಅರಸಿದ ಈ ಪ್ರವಾಸಗಳ ಕಥನ 'ಫ್ರೆಂಚ್ ಲೆಸನ್ಸ್' 2001ರಲ್ಲಿ ಪ್ರಕಟವಾಯಿತು. ವಿತ್ತೆಲ್ ಪಟ್ಟಣದ ಕಪ್ಪೆಯೂಟದ ಜಾತ್ರೆ, ನಾರ್ಮಂಡಿಯ ಲಿವಾರೋ ಗ್ರಾಮದ ಗಿಣ್ಣಿನ ಸಂತೆ, ವೇಷ ಧರಿಸಿದ ಓಟಗಾರರು ದಾರಿಯುದ್ದಕ್ಕೂ ದ್ರಾಕ್ಷಾರಸ ಹೀರುತ್ತ ಓಡುವ ಮೆದೋಕ್ ಮ್ಯಾರಥಾನ್, ಹೀಗೆ ಅವರು ಕಂಡ ಉತ್ಸವಗಳು ಹಲವು. ಬ್ರೆಸ್ ಎಂಬಲ್ಲಿನ ಕೋಳಿಗೆ ಕೆಂಪು ಜುಟ್ಟು, ಬಿಳಿ ಗರಿ, ನೀಲಿ ಕಾಲು. ಅದು ಆ ದೇಶದ ಬಾವುಟವನ್ನೇ ಹೊತ್ತು ತಿರುಗುತ್ತದೆ ಎಂದು ಅಲ್ಲಿನವರ ಹೆಮ್ಮೆ!

ಅವುಗಳಲ್ಲಿ ನಮ್ಮ ವಾಚಕರಿಗೆ ಹೆಚ್ಚು ಹಿಡಿಸುವಂಥದು ರಿಶ್ರಾಂಶ್ ಗ್ರಾಮದ ಬಲಿಪೂಜೆ. ಪ್ರತಿವರ್ಷ ಜನವರಿಯ ಮೂರನೆಯ ಭಾನುವಾರ, ಮಠವಾಸಿ ಸಂತ ಅಂತೋಣಿಯವರ ಹಬ್ಬದ ಸುಮಾರಿಗೆ ಇದು ನಡೆಯುತ್ತದೆ. ಇವರು ನಮ್ಮಲ್ಲಿ ಪ್ರಸಿದ್ಧರಾದ ಪಾದುವಾದ ಸಂತರಲ್ಲ. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದವರು. ಓಕ್ ಮರದ ಬೇರಿನ ಬಳಿ ಮಣ್ಣಿನೊಳಗೆ ಬೆಳೆಯುವ ಟ್ರಫಲ್ ಎಂಬ ಕಪ್ಪು ಅಣಬೆ ಚಿನ್ನದಂತೆ ದುಬಾರಿ. ಹಿಂದೆ ಅದನ್ನು ಮೂಸಿ ಹುಡುಕುತ್ತಿದ್ದದ್ದು ಹಂದಿ. ಸಂತ ಅಂತೋಣಿಯವರ ಚಿತ್ರದಲ್ಲಿ ಹಂದಿಯೊಂದು ಜೊತೆಗಿರುವುದರಿಂದ ಟ್ರಫಲ್ ಬೆಳೆಗಾರರಿಗೆ ಅವರೇ ಪಾಲಕ ಸಂತರು. ಅಂದಿನ ಪೂಜೆಯಲ್ಲಿ ಭಕ್ತರು ಕಾಣಿಕೆಯ ಬುಟ್ಟಿಗೆ ಹಣದ ಬದಲು ಟ್ರಫಲ್‌ಗಳನ್ನು ಹಾಕುತ್ತಾರೆ. ಪೂಜೆಯ ನಂತರ ಅವುಗಳ ಹರಾಜು ನಡೆದು, ಬಂದ ಹಣ ದೇವಾಲಯಕ್ಕೆ ಸಲ್ಲುತ್ತದೆ. ಹಬ್ಬದ ದಿನ ಕೋಳಿ, ಕುಂಬಳಕಾಯಿ, ಬಾಳೆಗೊನೆಗಳನ್ನು ದೇವಾಲಯದ ಅಂಗಳದಲ್ಲಿ ಹರಾಜು ಕೂಗುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು.

ಬೋನ್ ಪಟ್ಟಣದ ದ್ರಾಕ್ಷಾರಸದ ಹರಾಜಿಗೂ ಪೀಟರ್ ಹೋಗಿದ್ದರು. 1443ರಲ್ಲಿ ನಿಕೊಲಾ ರೋಲಾಂ ಮತ್ತು ಅವರ ಪತ್ನಿ ಗಿಗೋನ್ ಬಡ ರೋಗಿಗಳಿಗಾಗಿ ಅಲ್ಲೊಂದು ಆಸ್ಪತ್ರೆ ಸ್ಥಾಪಿಸಿದರು. ದಾನಿಗಳು ಅದಕ್ಕೆ ದ್ರಾಕ್ಷಿ ತೋಟಗಳನ್ನು ಬಿಟ್ಟುಕೊಟ್ಟರು. ಆ ತೋಟಗಳ ರಸವನ್ನು 1859ರಿಂದ ನವೆಂಬರ್ ತಿಂಗಳಿನಲ್ಲಿ ಬಹಿರಂಗವಾಗಿ ಹರಾಜು ಹಾಕಿ, ಉತ್ಪನ್ನವನ್ನು ರೋಗಿಗಳ ಸೇವೆಗೆ ಬಳಸುತ್ತ ಬಂದಿದ್ದಾರೆ. ಒಂದು ದಂಪತಿಯ ಹೆಸರು ಐದು ಶತಮಾನಗಳ ಮೇಲೂ ಒಂದು ಊರಿನ ನಾಲಿಗೆಯ ಮೇಲಿರಲು ಅವರ ಮನೆಯ ಚೆಲುವು ಕಾರಣವಲ್ಲ, ಅವರು ಬಿಟ್ಟುಹೋದ ಉಪಕಾರವೇ ಕಾರಣ.

ಫ್ರಾನ್ಸ್ ಸರ್ಕಾರ 2002ರಲ್ಲಿ ಪೀಟರ್ ಮೇಯ್ಲ್ ಅವರಿಗೆ 'ಲೆಜಿಯೋಂ ದೊನರ್' ಗೌರವವನ್ನು ನೀಡಿತು. 2018ರ ಜನವರಿ 18ರಂದು ಏಕ್ಸ್ ಪಟ್ಟಣದ ಬಳಿಯ ಆಸ್ಪತ್ರೆಯಲ್ಲಿ ಅವರು ನಿಧನರಾದರು. ಪ್ರೊವಾನ್ಸಿನಲ್ಲಿ ಕಳೆದ ಇಪ್ಪತ್ತೈದು ವರ್ಷಗಳ ನೆನಪುಗಳ ಪುಸ್ತಕ ಅದೇ ವರ್ಷ, ಅವರ ಮರಣಾನಂತರ ಹೊರಬಂದಿತು. ಸಂಗಾತಿಯಾಗಿ ಬಂದ ಜೆನ್ನಿ ಒಬ್ಬಂಟಿಯಾಗಿ ಉಳಿದರು.

ಹಳ್ಳಿಯ ಕನಸು ಕಾಣುವ ದಂಪತಿಗಳು ಮೊದಲೇ ಯೋಚಿಸಬೇಕಾದ ಸಂಗತಿ ಇದು. ಇಬ್ಬರು ಸೇರಿ ಕೊಂಡ ಮನೆಯಲ್ಲಿ ಒಂದು ದಿನ ಒಬ್ಬರೇ ಉಳಿಯುತ್ತಾರೆ. ಬೆಟ್ಟದ ಬುಡದ ಒಂಟಿಮನೆ ಯೌವನಕ್ಕೆ ಸೊಗಸು, ಮುಪ್ಪಿಗೆ ದೂರ. ವೈದ್ಯರಿಗೆ ನೋವನ್ನು ವಿವರಿಸಲು ಪರಭಾಷೆಯಲ್ಲಿ ಪದ ಹುಡುಕಬೇಕು. ಬ್ರಿಟನ್ ಯೂರೋಪ್ ಒಕ್ಕೂಟದಿಂದ ಹೊರಬಂದ ಮೇಲೆ ಮತ್ತೊಂದು ತೊಡಕು ಸೇರಿದೆ. 2021ರ ಆರಂಭದಿಂದ ಹೊಸದಾಗಿ ಹೋಗುವ ಬ್ರಿಟಿಷರು, 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ತಂಗಬೇಕಾದರೆ ವೀಸಾ ಪಡೆಯಬೇಕು. ಮನೆಯ ಪತ್ರ ಕೈಯಲ್ಲಿದ್ದರೂ ಅದರಲ್ಲಿ ವರ್ಷವಿಡೀ ವಾಸಿಸುವ ಹಕ್ಕು ತಾನಾಗಿ ಬಾರದು.

ಇಂಥ ವೇಳೆಯಲ್ಲಿ ಕೈ ಹಿಡಿಯುವವರು ಯಾರು? ದ್ರಾಕ್ಷಿ ಬಳ್ಳಿ ಕತ್ತರಿಸುವ ನೆರೆಯವನು, ಮಾತು ತಪ್ಪಿದರೂ ನಗದೆ ತಿದ್ದಿದ ಅಂಗಡಿಯವಳು, ಹಬ್ಬದ ದಿನ ಬಾಗಿಲ ಬಳಿ ಮೇಜು ಹಾಕಿಸಿದ ಅನ್ನದಾತ. ಅವರ ಸ್ನೇಹ ಯಾವ ಕ್ರಯಪತ್ರದಲ್ಲೂ ಬರೆದಿರುವುದಿಲ್ಲ. ಅದಕ್ಕೆ ತಾಳ್ಮೆ ಬೇಕು, ಅವರ ಭಾಷೆ ಕಲಿಯುವ ವಿನಯ ಬೇಕು, ಅವರ ಕಷ್ಟಸುಖಗಳಲ್ಲಿ ಹಾಜರಿರಬೇಕು. ನಮ್ಮವರಲ್ಲಿಯೂ ಮಕ್ಕಳಿದ್ದಲ್ಲಿಗೆ, ಉದ್ಯೋಗವಿದ್ದಲ್ಲಿಗೆ, ಕಡಲಾಚೆಗೆ ಹೋಗಿ ನೆಲೆಸುವವರು ಉಂಟು. ಹೊರಡುವವರು ಗಂಟುಮೂಟೆಯ ಜೊತೆಗೆ ಇಷ್ಟನ್ನು ಕಟ್ಟಿಕೊಂಡರೆ ಯಾವ ಊರೂ ಬಹುಕಾಲ ಪರರ ಊರಾಗಿ ಉಳಿಯದು. ಅಂತೆಯೇ ನಮ್ಮ ಊರಿಗೆ ಬಂದು ನೆಲೆಸಿದ ಅಪರಿಚಿತರ ಬಾಗಿಲನ್ನು ಹಬ್ಬದ ದಿನವಾದರೂ ತಟ್ಟುವ ಹೊಣೆ ನಮ್ಮ ಮೇಲಿದೆ.