ಕೆಮ್ಮೂ ಕೇಳಿಸುವ ಗಾನಮುದ್ರಿಕೆಗಳು

ಇತ್ತೀಚೆಗೆ ಒಂದು ಧರ್ಮಕೇಂದ್ರದ ಹಬ್ಬದ ಬಲಿಪೂಜೆಯಲ್ಲಿ ನಾವು ಪಾಲುಗೊಂಡಿದ್ದೆವು. ಗಾನವೃಂದದಲ್ಲಿ ಉಳಿದಿದ್ದವರು ನಾಲ್ಕೈದು ಮಂದಿ. ಅವರಿಂದ ಹಬ್ಬದ ಹಾಡುಗಳು ಸಾಗಲಾರವೆಂದು ಯಾರಿಗೋ ಅನಿಸಿರಬೇಕು. ಪರಮಪ್ರಸಾದದ ವೇಳೆಗೆ ಧ್ವನಿವರ್ಧಕದಿಂದ ಮುದ್ರಿತ ಗೀತೆಯೊಂದು ತೇಲಿಬಂತು. ಸ್ವರ ಶುದ್ಧ, ತಾಳ ಶುದ್ಧ, ವಾದ್ಯಮೇಳ ಭರ್ಜರಿ. ಆದರೆ ಪ್ರತಿ ಭಾನುವಾರ ಹಾಡುವ ಹಿರಿಯರೆಲ್ಲ ಅಂದು ಬಾಯಿ ಮುಚ್ಚಿ ನಿಂತಿದ್ದರು. ಆ ಮೌನ ನಮ್ಮನ್ನು ಬಹುದಿನ ಕಾಡಿತು.

ಮನೆಗೆ ಬಂದು ನಮ್ಮ ಧ್ವನಿಮುದ್ರಿಕೆಗಳ ಸಂಗ್ರಹವನ್ನು ತೆರೆದಾಗ ಒಂದು ಸಂಗತಿ ಹೊಳೆಯಿತು. ನಾವು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವಂಥವು ಮುದ್ರಣ ಮಂದಿರದಲ್ಲಿ ತಿದ್ದಿ ತೀಡಿದ ಮುದ್ರಿಕೆಗಳಲ್ಲ. ಜನರೆದುರು ನಡೆದ ಕಛೇರಿಗಳನ್ನು ನಡೆದಂತೆಯೇ ಹಿಡಿದಿಟ್ಟವು. ಅವುಗಳಲ್ಲಿ ಶ್ರೋತೃಗಳ ಕೆಮ್ಮು, ಚಪ್ಪಾಳೆ, ಒಮ್ಮೊಮ್ಮೆ ಕಲಾವಿದನ ದಣಿವೂ ಕೇಳಿಸುತ್ತವೆ. ಅಂತಹ ನಾಲ್ಕನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಮೊದಲನೆಯದು, ರುಮಾನಿಯಾದ ಪಿಯಾನೋ ವಾದಕ ದಿನು ಲಿಪಟ್ಟಿ ಅವರ ಕೊನೆಯ ಕಛೇರಿ. 1950ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾನ್ಸೋನ್ ನಗರದಲ್ಲಿ ಅದು ನಡೆಯಿತು. ಮಾರಕ ವ್ಯಾಧಿ ಆ 33ರ ಯುವಕನ ದೇಹವನ್ನು ಹಿಂಡಿತ್ತು, ವೈದ್ಯರು ಬೇಡವೆಂದಿದ್ದರು. ಆದರೆ ಬರುತ್ತೇನೆಂದು ಕೊಟ್ಟ ಮಾತನ್ನು ಅವರು ಮೀರಲಿಲ್ಲ. ಬಾಖ್, ಮೊಜಾರ್ಟ್, ಶೂಬರ್ಟರ ಕೃತಿಗಳು ಮುಗಿದವು. ಕೊನೆಯಲ್ಲಿ ಶೋಪಾನರ 14 ವಾಲ್ಟ್ಜ್‌ಗಳು ಇರಬೇಕಿತ್ತು. 13 ಮುಗಿದಾಗ ಶಕ್ತಿ ಉಡುಗಿತು. ಹದಿನಾಲ್ಕನೆಯದರ ಬದಲು ಅವರು ಬಾಖರ ಒಂದು ಯೇಸುಸ್ತುತಿಯನ್ನು ನುಡಿಸಿ ವೇದಿಕೆಯಿಂದ ಇಳಿದರು. ಅದೇ ಡಿಸೆಂಬರ್ 2ರಂದು ಅವರು ತೀರಿಕೊಂಡರು. ಹದಿಮೂರಕ್ಕೇ ನಿಂತ ಆ ಸಾಲನ್ನು ಅಪೂರ್ಣವೆಂದು ಕರೆಯಲು ನಮ್ಮ ನಾಲಿಗೆ ಏಳದು.

ಎರಡನೆಯದು, ಅಮೆರಿಕದ ಗಾಯಕ ಜಾನಿ ಕ್ಯಾಶ್ ಕ್ಯಾಲಿಫೋರ್ನಿಯಾದ ಫಾಲ್ಸಮ್ ಸೆರೆಮನೆಯಲ್ಲಿ ಹಾಡಿದ್ದು. 1968ರ ಜನವರಿ 13ರಂದು ಕೈದಿಗಳ ಭೋಜನಶಾಲೆಯೇ ಅವರ ಸಭಾಂಗಣವಾಯಿತು. ಅಲ್ಲಿನ ಕೈದಿ ಗ್ಲೆನ್ ಶರ್ಲಿ ಸೆರೆಮನೆಯ ಪ್ರಾರ್ಥನಾಮಂದಿರವನ್ನು ಕುರಿತು ಒಂದು ಹಾಡು ಕಟ್ಟಿದ್ದ. ಒಬ್ಬ ಪಾದ್ರಿ ಅದನ್ನು ಕ್ಯಾಶ್ ಅವರಿಗೆ ಮುಟ್ಟಿಸಿದರು. ಅವರು ಹಿಂದಿನ ರಾತ್ರಿಯಷ್ಟೇ ಅದನ್ನು ಕಲಿತು, ಮುಂದಿನ ಸಾಲಿನಲ್ಲಿ ಕುಳಿತಿದ್ದ ಶರ್ಲಿಯ ಎದುರಿಗೇ ಹಾಡಿದರು. ತನ್ನ ಹಾಡು ಹೊರಲೋಕಕ್ಕೆ ಹೊರಟಿದ್ದನ್ನು ಆ ಕೈದಿ ಗೋಡೆಗಳ ಒಳಗೇ ಕುಳಿತು ಕೇಳಿದ. ಈ ಮುದ್ರಿಕೆಯ ಒಂದು ಸತ್ಯವನ್ನೂ ಮರೆಮಾಚಲಾಗದು: ಕೊಲೆಯ ಸಾಲೊಂದರ ಬಳಿಕ ಕೇಳಿಬರುವ ಹರ್ಷೋದ್ಗಾರವನ್ನು ಆಮೇಲೆ ಮುದ್ರಣ ಮಂದಿರದಲ್ಲಿ ಸೇರಿಸಲಾಗಿತ್ತು. ಅಂದು ಕೈದಿಗಳು ಆ ಸಾಲಿಗೆ ಹಾಗೆ ಕೂಗಿರಲಿಲ್ಲ. ಕೃತಕ ಸೇರ್ಪಡೆ ಎಷ್ಟೇ ಜಾಣ್ಮೆಯದಾದರೂ ಒಂದಲ್ಲ ಒಂದು ದಿನ ಬಯಲಿಗೆ ಬರುತ್ತದೆ.

ಮೂರನೆಯದು, ಅರೀಥಾ ಫ್ರಾಂಕ್ಲಿನ್ ಅವರದು. ಲೌಕಿಕ ಸಂಗೀತದಲ್ಲಿ ಕೀರ್ತಿಯ ಶಿಖರವೇರಿದ್ದ ಆಕೆ 1972ರ ಜನವರಿ 13 ಮತ್ತು 14ರ ರಾತ್ರಿಗಳಲ್ಲಿ ಲಾಸ್ ಏಂಜಲೀಸಿನ ಒಂದು ಬ್ಯಾಪ್ಟಿಸ್ಟ್ ದೇವಾಲಯಕ್ಕೆ ಬಂದು, ಬಾಲ್ಯದಲ್ಲಿ ಕಲಿತ ಭಕ್ತಿಗೀತೆಗಳನ್ನು ಹಾಡಿದರು. ರೆವರೆಂಡ್ ಜೇಮ್ಸ್ ಕ್ಲೀವ್‌ಲೆಂಡ್ ಪಿಯಾನೋದೊಡನೆ ಜೊತೆಗಿದ್ದರು. ಎರಡನೆಯ ರಾತ್ರಿ, ಪ್ರಸಿದ್ಧ ಬೋಧಕರಾಗಿದ್ದ ತಂದೆಯೂ ಬಂದು ಮಗಳ ಕುರಿತು ನಾಲ್ಕು ಮಾತಾಡಿದರು. ಇಲ್ಲಿ ಸಭೆ ಸುಮ್ಮನೆ ಕೇಳುವುದಿಲ್ಲ. ಗಾಯಕಿಯ ಪ್ರತಿ ಸಾಲಿಗೂ ಓಗೊಡುತ್ತದೆ, ಅಳುತ್ತದೆ, ಚಪ್ಪಾಳೆಯಿಂದ ತಾಳ ಹಿಡಿಯುತ್ತದೆ. ಆ ದನಿಗಳನ್ನು ತೆಗೆದುಹಾಕಿದರೆ ಹಾಡಿನ ಅರ್ಧ ಜೀವವೇ ಹೋದಂತೆ.

ನಾಲ್ಕನೆಯದು ನಮ್ಮ ಧರ್ಮಸಭೆಯ ಹೃದಯದಿಂದಲೇ ಬಂದದ್ದು. 1985ರ ಜೂನ್ 29, ಸಂತ ಪೇತ್ರ ಮತ್ತು ಪೌಲರ ಮಹೋತ್ಸವ. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಬಲಿಪೂಜೆ ಅರ್ಪಿಸಿದರು. ಹರ್ಬರ್ಟ್ ಫಾನ್ ಕರಯಾನ್ ಅವರ ನಿರ್ದೇಶನದಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದ, 1779ರಲ್ಲಿ ಮೊಜಾರ್ಟ್ ರಚಿಸಿದ 'ಕಿರೀಟಧಾರಣೆಯ ಪೂಜೆ'ಯನ್ನು ನಿರೂಪಿಸಿತು. ಕಛೇರಿಗಳಲ್ಲಿ ಈ ಕೃತಿಯ ಭಾಗಗಳು ಒಂದರ ಬೆನ್ನಿಗೊಂದು ಬರುತ್ತವೆ. ಇಲ್ಲಿ ಹಾಗಲ್ಲ. 'ಗ್ಲೋರಿಯಾ' ಮುಗಿದ ಮೇಲೆ ಪ್ರಾರ್ಥನೆ, ವಾಚನ, ಪ್ರಬೋಧನೆ. ಜಗದ್ವಿಖ್ಯಾತ ನಿರ್ದೇಶಕರೂ ಬಲಿಪೀಠದ ಗತಿಗಾಗಿ ಕಾಯಬೇಕು. ಸಂಗೀತ ಪೂಜೆಯ ಒಡತಿಯಲ್ಲ, ಸೇವಕಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಮುದ್ರಿಕೆಯನ್ನು ನಾವು ಕೇಳಿಲ್ಲ.

ಈ ನಾಲ್ಕೂ ಮುದ್ರಿಕೆಗಳು ಸಾರುವುದು ಒಂದೇ ಮಾತು: ಹಾಡುವವರೂ ಕೇಳುವವರೂ ಒಂದೆಡೆ ಸೇರಿದಾಗ ಘಟಿಸುವುದನ್ನು ಯಂತ್ರ ದಾಖಲಿಸಬಲ್ಲದು, ತಾನಾಗಿ ಉಂಟುಮಾಡಲಾರದು. ಧರ್ಮಸಭೆ ಇದನ್ನು ಬಹು ಹಿಂದೆಯೇ ಕಂಡುಕೊಂಡಿತ್ತು. 1958ರಲ್ಲಿ ರೋಮಿನಿಂದ ಹೊರಟ ಪವಿತ್ರ ಸಂಗೀತದ ಆದೇಶವು ದೈವಾರಾಧನೆಯಲ್ಲಿ ಗ್ರಾಮೋಫೋನು, ಧ್ವನಿಮುದ್ರಣ ಯಂತ್ರಗಳ ಬಳಕೆಯನ್ನು ನಿಷೇಧಿಸಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಭಕ್ತಜನರ ಸಕ್ರಿಯ ಪಾಲುಗಾರಿಕೆಯನ್ನು ಎತ್ತಿಹಿಡಿಯಿತು. ಯಂತ್ರದ ಹಾಡಿನಲ್ಲಿ ಪಾಲುಗೊಳ್ಳುವವರು ಯಾರು?

ಗಾನವೃಂದಗಳು ಸೊರಗುತ್ತಿರುವುದು ನಿಜ. ಓದು, ಉದ್ಯೋಗವೆಂದು ಮಕ್ಕಳು ದೂರ ಹೋಗುತ್ತಾರೆ. ಉಳಿದ ಹಿರಿಯರ ಕಂಠ ನಡುಗುತ್ತದೆ. ಆದರೆ ಹದಿಮೂರಕ್ಕೇ ನಿಂತ ಲಿಪಟ್ಟಿಯವರನ್ನು ಲೋಕ ಇಂದಿಗೂ ಕಣ್ಣು ಒದ್ದೆಯಾಗಿಸಿಕೊಂಡು ಕೇಳುತ್ತಿರುವಾಗ, ನಮ್ಮ ನಾಲ್ವರು ಹಿರಿಯರ ನಡುಗುವ ಸ್ವರವನ್ನು ದೇವರು ಬೇಡವೆನ್ನುವರೇ? ಒಳ್ಳೆಯ ಮುದ್ರಿಕೆಗಳನ್ನು ಮನೆಯಲ್ಲಿ ಮಕ್ಕಳೊಡನೆ ಕುಳಿತು ಕೇಳೋಣ. ಭಾನುವಾರ ಅದೇ ಮಕ್ಕಳ ಕೈಹಿಡಿದು ಗಾನವೃಂದದ ಬಳಿ ಕರೆದೊಯ್ಯೋಣ. ಶ್ರುತಿ ಒಂದಿಷ್ಟು ತಪ್ಪಿದರೂ ಚಿಂತೆಯಿಲ್ಲ, ನಮ್ಮ ದೇವಾಲಯಗಳಲ್ಲಿ ನಮ್ಮದೇ ದನಿ ಕೇಳಿಬರಲಿ.