ನರ್ಸಿಂಗ್‌ಗೆ ಸೇರಿಸುವ ಮುನ್ನ ಆಸ್ಪತ್ರೆ ನೋಡಿ

ಪಿಯುಸಿ ಫಲಿತಾಂಶ ಬಂದ ದಿನಗಳಲ್ಲಿ ವೈದ್ಯರ ಬಳಿ ಬರುವ ತಂದೆತಾಯಿಯರೆಲ್ಲ ಕಾಯಿಲೆ ಹೇಳಿಕೊಳ್ಳಲೆಂದೇ ಬರುವುದಿಲ್ಲ. ‘ಮಗಳನ್ನು ನರ್ಸಿಂಗ್‌ಗೆ ಸೇರಿಸೋಣ ಅಂತಿದ್ದೇವೆ, ಯಾವ ಕೋರ್ಸು ಒಳ್ಳೆಯದು ಡಾಕ್ಟ್ರೇ?’ ಎಂದು ಕೇಳುವವರು ಬಹಳ. ಅಷ್ಟು ಹೊತ್ತಿಗೆ ಏಜೆಂಟನೊಬ್ಬ ಮುಂಗಡ ಹಣವನ್ನೂ ಕೇಳಿರುತ್ತಾನೆ. ಆ ಹಣ ಕೊಡುವ ಮೊದಲು ಮನೆಯವರೆಲ್ಲ ಕುಳಿತು ತಿಳಿದುಕೊಳ್ಳಬೇಕಾದ ಸಂಗತಿಗಳು ಕೆಲವಿವೆ.

ಮೂರು ದಾರಿಗಳು

ಮೊದಲನೆಯದು ಎ.ಎನ್.ಎಂ. ಹೆಣ್ಣುಮಕ್ಕಳಿಗಾಗಿ ಇರುವ 2 ವರ್ಷದ ಶಿಕ್ಷಣವಿದು. ಹಳ್ಳಿಗಳಲ್ಲಿ ತಾಯಿ-ಮಕ್ಕಳ ಆರೈಕೆ, ಲಸಿಕೆ ಹಾಕುವುದು ಇಂಥ ಕೆಲಸಗಳಿಗೆ ಇದು ಅಣಿಮಾಡುತ್ತದೆ.

ಎರಡನೆಯದು ಜಿ.ಎನ್.ಎಂ. ಡಿಪ್ಲೊಮಾ, 3 ವರ್ಷ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ, ಪಿಯುಸಿಯಲ್ಲಿ ಇಂಗ್ಲಿಷ್ ಓದಿ ಶೇ 40 ಅಂಕ ಪಡೆದವರು ಸೇರಬಹುದು. ವಿಜ್ಞಾನಕ್ಕೆ ಆದ್ಯತೆಯಿದ್ದರೂ ಕಲಾ ವಿಭಾಗದವರಿಗೂ ಬಾಗಿಲು ಮುಚ್ಚಿಲ್ಲ.

ಮೂರನೆಯದು 4 ವರ್ಷದ ಬಿ.ಎಸ್ಸಿ. ನರ್ಸಿಂಗ್ ಪದವಿ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಶೇ 45 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ಇಂಗ್ಲಿಷಿನಲ್ಲೂ ಪಾಸಾಗಿರಬೇಕು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ಪದವಿಗೆ ಸೀಟು ಸಿಗಲಿಲ್ಲವೆಂದು ಎದೆಗುಂದಬೇಕಿಲ್ಲ. ಜಿ.ಎನ್.ಎಂ. ಮುಗಿಸಿ ನೋಂದಣಿಯಾದವರು 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು. ಮುಂದೆ ಎಂ.ಎಸ್ಸಿ. ಇದ್ದೇ ಇದೆ. ಕೈ ಬಿಗಿಯಿರುವ ಕುಟುಂಬಕ್ಕೆ ಮೊದಲು ಡಿಪ್ಲೊಮಾ, ನಡುವೆ ಸಂಬಳ, ಆಮೇಲೆ ಪದವಿ ಎಂಬುದು ಜಾಣತನದ ಲೆಕ್ಕ. ಅಂದಹಾಗೆ, ಜಿ.ಎನ್.ಎಂ. ಮತ್ತು ಬಿ.ಎಸ್ಸಿ. ಗಂಡುಮಕ್ಕಳಿಗೂ ತೆರೆದಿವೆ.

ನೋಂದಣಿಯೇ ಪರವಾನಗಿ

ಪರೀಕ್ಷೆ ಪಾಸಾದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಜಿ.ಎನ್.ಎಂ., ಬಿ.ಎಸ್ಸಿ. ಓದಿದವರಿಗೆ ‘ನೋಂದಾಯಿತ ನರ್ಸ್’ ಎಂಬ ಮಾನ್ಯತೆ ಸಿಗುತ್ತದೆ; ಎ.ಎನ್.ಎಂ. ಓದಿದವರ ನೋಂದಣಿಯೇ ಬೇರೆ. ಆರು ತಿಂಗಳಲ್ಲಿ ‘ನರ್ಸಿಂಗ್ ಸಹಾಯಕ’ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಂದ ಈ ನೋಂದಣಿ ದೊರೆಯದು. ಹೆಸರಿನಲ್ಲಿ ನರ್ಸಿಂಗ್ ಎಂದಿದೆಯೆಂದು ಮೋಸಹೋಗಬೇಡಿ.

ಆದ್ದರಿಂದ ಕಾಲೇಜಿಗೆ ರಾಜ್ಯ ಪರಿಷತ್ತಿನ ಅನುಮತಿ ಇದೆಯೇ, ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಎಷ್ಟು ಸೀಟಿಗೆ ಎಂಬುದನ್ನು ಅವರ ಜಾಲತಾಣಗಳಲ್ಲೇ ನೋಡಿ. 1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಹೀಗಾಗಿ ಸೇರುವ ವರ್ಷದ ಅಧಿಸೂಚನೆಯನ್ನೇ ಓದಬೇಕು. ಅಕ್ಕನ ಕಾಲದ ನಿಯಮ ತಂಗಿಗೆ ಹೊಂದದಿರಬಹುದು.

ಕಟ್ಟಡವಲ್ಲ, ಹಾಸಿಗೆ ಎಣಿಸಿ

ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತಿದು. ನಾಡಿ ಹಿಡಿಯುವುದು, ಡ್ರಿಪ್ ಹಾಕುವುದು, ಹಾಸಿಗೆ ಹಿಡಿದವರನ್ನು ಹೊರಳಿಸುವುದು, ರೋಗಿ ಕೆಡುತ್ತಿದ್ದಾನೆಂದು ಯಂತ್ರಕ್ಕಿಂತ ಮೊದಲು ಗುರುತಿಸುವುದು, ಇವು ಕಪ್ಪುಹಲಗೆಯ ಮುಂದೆ ಬರುವ ವಿದ್ಯೆಗಳಲ್ಲ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕೆಂದು ಪರಿಷತ್ತಿನ ನಿಯಮವಿದೆ. ಕಾಲೇಜಿನ ಸ್ವಂತ ಆಸ್ಪತ್ರೆ ಯಾವುದೆಂದು ಕೇಳಿ, ಒಂದು ಬೆಳಗ್ಗೆ ಅಲ್ಲಿಗೆ ಹೋಗಿ ಬನ್ನಿ. ವಾರ್ಡುಗಳಲ್ಲಿ ರೋಗಿಗಳಿದ್ದಾರೆಯೇ? ಹೆರಿಗೆಗಳಾಗುತ್ತಿವೆಯೇ? ವಿದ್ಯಾರ್ಥಿಗಳು ಕಾಣುತ್ತಾರೆಯೇ? ಅಲ್ಲಿನ ಹಿರಿಯ ವಿದ್ಯಾರ್ಥಿನಿಯರನ್ನು ಮಾತನಾಡಿಸಿ. ಹೊಳೆಯುವ ಕಟ್ಟಡ, ಖಾಲಿ ವಾರ್ಡು ಇದ್ದರೆ ಹಿಂದಿರುಗಿ ಬನ್ನಿ. ‘ಕ್ಲಾಸಿಗೆ ಬರದಿದ್ದರೂ ನಡೆಯುತ್ತದೆ’ ಎಂದರೆ ನಿಲ್ಲಲೇಬೇಡಿ. ಕಲಿಯದ ಕೈಯ ತಪ್ಪಿಗೆ ದಂಡ ತೆರುವವನು ರೋಗಿ.

ಸಂಬಳದ ಮಾತು

ಸರ್ಕಾರಿ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಅನೇಕ ಕಡೆ ನಿರಾಶೆ ಹುಟ್ಟಿಸುವಷ್ಟಿರುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳಿರುವ ಆಸ್ಪತ್ರೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಎಲ್ಲ ಕಡೆ ಸಂಬಳದ ಚೀಟಿಗೆ ಇಳಿದಿಲ್ಲ. ಸಾಲ ಮಾಡಿ ಓದಿಸುವವರು ಈ ಲೆಕ್ಕ ಹಾಕಿಯೇ ಮುಂದುವರಿಯಿರಿ. ಕೆಲಸಕ್ಕೆ ಸೇರುವಾಗ ಬಾಂಡ್ ಓದದೆ ಸಹಿ ಬೇಡ. ಮೂಲ ಅಂಕಪಟ್ಟಿಯನ್ನು ಒತ್ತೆ ಇಡಬೇಡಿ.

ಹೊರದೇಶದ ಆಸೆಯಿದ್ದರೆ ಮೊದಲ ವರ್ಷದಿಂದಲೇ ಭಾಷೆ ಕಲಿಯಲಿ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ ಬೇಕು. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಬರಹದ ಮತ್ತು ಪ್ರಾಯೋಗಿಕ ಪರೀಕ್ಷೆಗಳಿವೆ. ಜರ್ಮನಿಗೆ ಜರ್ಮನ್ ಬಾರದೆ ಆಗದು.

ಆರೋಗ್ಯದ ಸಿದ್ಧತೆ

ಸೇರುವ ಮೊದಲು ರಕ್ತಹೀನತೆ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಸರಿಪಡಿಸಿ. ರಾತ್ರಿಪಾಳಿ ಮಾಡುವ ಮೈಗೆ ಶಕ್ತಿ ಬೇಕು. ಹೆಪಟೈಟಿಸ್-ಬಿ ಲಸಿಕೆ 0, 1 ಮತ್ತು 6ನೇ ತಿಂಗಳಿಗೆ ಮೂರು ಸಲ. ಎಳವೆಯಲ್ಲಿ ಹಾಕಿಸಿದ್ದರೆ ಆ ಕಾರ್ಡು ಹುಡುಕಿ ವೈದ್ಯರಿಗೆ ತೋರಿಸಿ. ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿದರೆ ರಕ್ಷಣೆ ಬಂದಿದೆಯೇ ಎಂದು ತಿಳಿಯುತ್ತದೆ.

ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಬಾಯಿಗಿಡದೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. 72 ಗಂಟೆ ಮೀರಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಡುವುದೇ ಇಲ್ಲಿ ದೊಡ್ಡ ಅಪಾಯ.

ಕೊನೆಯದಾಗಿ, ಓದುವವರನ್ನೇ ಕೇಳಿ. ಹೇಸಿಗೆ, ನೋವು, ಸಾವು ಎಲ್ಲವನ್ನೂ ಹತ್ತಿರದಿಂದ ನೋಡುವ ವೃತ್ತಿಯಿದು. ‘ಬೇಗ ಕೆಲಸ ಸಿಗುತ್ತದೆ’ ಎಂಬ ಕಾರಣವೊಂದಕ್ಕೇ ಮಗಳನ್ನೋ ಮಗನನ್ನೋ ಇದಕ್ಕೆ ತಳ್ಳಬೇಡಿ. ಮನಸ್ಸಿದ್ದು ಬಂದವರಿಗೆ ಮಾತ್ರ, ಮೇಲಿನ ಎಚ್ಚರಗಳೊಂದಿಗೆ, ಬದುಕಿಡೀ ಕೈ ಹಿಡಿಯುವ ವಿದ್ಯೆ ಇದು.